ಹೂಂ ಅನ್ನುವವರು

ಏಪ್ರಿಲ್ ತಿಂಗಳಲ್ಲಿ ಸಿಸಿಲಿಯಾ ಬಾಯಮ್ಮನ ಕೊಡೆ ದೂರದಿಂದ ಕಂಡರೆ ಸಾಕು, ನಮ್ಮ ಉದ್ಯಾವರದ ಅರ್ಧ ಮಕ್ಕಳು ಓಡಿ ಅಡಗುತ್ತಾರೆ. ಉಳಿದರ್ಧ ಮಕ್ಕಳ ತಾಯಂದಿರು ಅಡಗುತ್ತಾರೆ. ನನಗೆ ಅಡಗಲಿಕ್ಕೆ ಜಾಗ ಇಲ್ಲ. ಪಂಚಾಯತ್ ಕಟ್ಟಡದಲ್ಲಿ ಅವರ ಲೈಬ್ರರಿ ಒಂದು ಕೋಣೆ, ನನ್ನ ಟೈಲರಿಂಗ್ ಅಂಗಡಿ ಪಕ್ಕದ ಕೋಣೆ, ನಡುವೆ ಒಂದು ಗೋಡೆ. ಅವರು ಆಚೆ ಕೆಮ್ಮಿದರೆ ನನ್ನ ಮಿಷನ್ನಿನ ಸೂಜಿ ಅಲ್ಲಾಡುತ್ತದೆ.

ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಬಾಯಮ್ಮ ಅಂತ ಕರೆಯುವುದು. ಸಿಸಿಲಿಯಾ ಬಾಯಮ್ಮನಿಗೆ ಐವತ್ತು ದಾಟಿ ಎಷ್ಟಾಯಿತೋ ನಾನು ಕೇಳಲಿಲ್ಲ, ಕೇಳಿದರೆ ಬೈಗುಳ ಗ್ಯಾರಂಟಿ. ಮದುವೆ ಆಗಲಿಲ್ಲ. ಕಾಪುವಿನಲ್ಲಿ ತಂಗಿಯ ಮನೆ ಉಂಟು, ಕ್ರಿಸ್‌ಮಸ್‌ಗೆ ಹೋಗಿ ಮರುದಿನವೇ ಬಂದು ಲೈಬ್ರರಿ ಬಾಗಿಲು ತೆಗೆಯುತ್ತಾರೆ. ಕಡ್ಡಿಯಂಥ ಶರೀರ, ಬಿಸಿಲಿಗೂ ಮಳೆಗೂ ಒಂದೇ ಕಪ್ಪು ಕೊಡೆ. ಪಂಚಾಯತಿನವರು ಕೊಡುವ ಸಂಬಳದಲ್ಲಿ ಆ ಕೊಡೆಯನ್ನು ರಿಪೇರಿ ಮಾಡಿಸಬಹುದಷ್ಟೇ, ಹೊಸತು ತೆಗೆಯಲಿಕ್ಕಾಗುವುದಿಲ್ಲ.

ಅವರದ್ದೊಂದು ಕಾನೂನು ಉಂಟು. ಬೇಸಿಗೆ ರಜೆ ಶುರುವಾದ ಕೂಡಲೇ ಆರನೇ, ಏಳನೇ ಕ್ಲಾಸಿನ ಪ್ರತಿಯೊಂದು ಮಗುವಿಗೆ ಒಂದು ಪುಸ್ತಕ. ಮಗು ಅದನ್ನು ಮನೆಯಲ್ಲಿ ದೊಡ್ಡವರೊಬ್ಬರಿಗೆ ದಿನಾ ಓದಿ ಹೇಳಬೇಕು. ಮೇ ತಿಂಗಳ ಕೊನೆಯ ಆದಿತ್ಯವಾರ ಆ ದೊಡ್ಡವರು ಲೈಬ್ರರಿಗೆ ಬಂದು ಎಲ್ಲರ ಎದುರು ಕತೆ ಹೇಳಬೇಕು. ಓದಿದವರಲ್ಲ, ಕೇಳಿದವರು!

"ಇದೆಂತ ಬಾಯಮ್ಮ, ಪರೀಕ್ಷೆ ಮಕ್ಕಳಿಗಾ ನಮಗಾ?" ಅಂತ ನಾನು ಜಗಳಕ್ಕೆ ಹೋಗಿದ್ದೆ.

"ಓದಿದೆ ಅಂತ ಸುಳ್ಳು ಹೇಳುವುದು ಸುಲಭ ಹಫೀಝಾ," ಅಂದರು. "ಕೇಳಿದೆ ಅಂತ ಸುಳ್ಳು ಹೇಳಿದವರು ಕತೆ ಹೇಳಲಿಕ್ಕೆ ನಿಂತಾಗ ಸಿಕ್ಕಿ ಬೀಳ್ತಾರೆ."

ಈ ಹುಚ್ಚು ಅವರಿಗೆ ಎಲ್ಲಿಂದ ಬಂತು ಅಂದರೆ, ಅವರ ಅಮ್ಮನಿಂದ. ಅಮ್ಮ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುತ್ತಿದ್ದವರು, ಅಕ್ಷರ ಗೊತ್ತಿಲ್ಲ. ಸಂಜೆ ಬಂದು ಕಾಲು ಚಾಚಿ "ಓದು" ಅನ್ನುತ್ತಿದ್ದರಂತೆ. ಮಗಳು ಸಾಮಾನು ಕಟ್ಟಿ ತಂದ ಪೇಪರು ಸಹ ಬಿಡದೆ ಓದುವುದು, ಅಮ್ಮ ಮರುದಿನ ಕಾರ್ಖಾನೆಯಲ್ಲಿ ಅದನ್ನೇ ನಾಲ್ಕು ಜನರಿಗೆ ಹೇಳುವುದು. ಹತ್ತನೇ ಕ್ಲಾಸು ಮುಗಿದಾಗ ಮನೆಯವರೆಲ್ಲ ಇವಳನ್ನೂ ಕಾರ್ಖಾನೆಗೆ ಸೇರಿಸು ಅಂದರೂ ಅಮ್ಮ ಒಪ್ಪಲಿಲ್ಲವಂತೆ, "ಮತ್ತೆ ನನಗೆ ಓದುವವರು ಯಾರು?" ಅಂದರಂತೆ. ಬಾಯಮ್ಮ ಕಾಲೇಜು ಮೆಟ್ಟಿಲು ಹತ್ತಿದ್ದು ಹಾಗೆ. ಓದು ಕೇಳಿದ ತಾಯಿ ತಂದೆ ಮಕ್ಕಳನ್ನು ಶಾಲೆ ಬಿಡಿಸುವುದಿಲ್ಲ ಅನ್ನುವುದು ಅವರ ತಲೆಯಲ್ಲಿ ಗೂಟ ಹೊಡೆದು ಕೂತಿದೆ. ಯಾರು ಅಲ್ಲಾಡಿಸಿದರೂ ಅಲ್ಲಾಡುವುದಿಲ್ಲ.

ನಮ್ಮ ಮನೆಯಲ್ಲಿ ಮಗ ಸಫ್ರಾಝ್ ಓದಿದ, ನನ್ನ ಅತ್ತೆ ಸೌದಾ ಕೇಳಿದರು. ಕನ್ನಡ ಕತೆಯನ್ನು ಅವನು ನಮ್ಮ ಮನೆಮಾತು ಬ್ಯಾರಿಯಲ್ಲಿ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಅತ್ತೆ ಗೊರಕೆ. ಆದಿತ್ಯವಾರ ಬಂದು ಕತೆ ಹೇಳಿದ್ದು ಹೇಗೆ ಗೊತ್ತಾ? ಪುಸ್ತಕದಲ್ಲಿ ರಾಕ್ಷಸಿ ಇದ್ದದ್ದು ಕಾಡಿನಲ್ಲಿ. ಅತ್ತೆಯ ಕತೆಯಲ್ಲಿ ಆ ರಾಕ್ಷಸಿ ಬ್ಲೌಸ್ ಹೊಲಿಯುತ್ತಿದ್ದಳು, ಮಾವನ ಮನೆಯವರಿಗೆ ಹೊತ್ತಿಗೆ ಸರಿಯಾಗಿ ಚಾ ಕೊಡುತ್ತಿರಲಿಲ್ಲ. ಎಲ್ಲರೂ ನನ್ನ ಮುಖ ನೋಡಿ ಹೊಟ್ಟೆ ಹಿಡಿದು ನಕ್ಕರು. ಬಾಯಮ್ಮ ಕೂಡ! ಅವರು ಹಾಗೆ ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು. ಆಮೇಲೆ ನೋಡಿಲ್ಲ.

ಅದರ ಮರು ವರ್ಷ ಅನ್ನಪೂರ್ಣ ಬಂದಳು.

ಹೈವೇ ಆಚೆ ಖಾಲಿ ಜಾಗದಲ್ಲಿ ತಗಡಿನ ಶೆಡ್ಡುಗಳು ಉಂಟಲ್ಲ, ಬಿಜಾಪುರ ಕಡೆಯ ಕೂಲಿಯವರದ್ದು, ಅಲ್ಲಿಯ ಹುಡುಗಿ. ಅಪ್ಪ ಮಲಕಪ್ಪ, ಅಮ್ಮ ರಾಚವ್ವ. ಮಲಕಪ್ಪ ಮೊದಲು ಕಾರ್ಕಳದ ಕಲ್ಲುಕೋರೆಯಲ್ಲಿ ಇದ್ದು, ಆಮೇಲೆ ಬಾವಿ ಕೆಲಸಕ್ಕೆ ಬಂದವನು. ಬೇಸಿಗೆಯಲ್ಲಿ ಇಲ್ಲಿಯ ಬಾವಿಗಳ ನೀರು ತಳ ಮುಟ್ಟುತ್ತದಲ್ಲ, ಆಗ ಎಲ್ಲರಿಗೂ ಒಟ್ಟಿಗೇ ಜ್ಞಾನೋದಯ, ಬಾವಿ ಆಳ ಮಾಡಿಸಬೇಕು ಅಂತ. ಒಳಗೆ ಇಳಿಯಲಿಕ್ಕೆ ನಮ್ಮ ಊರಿನ ಒಬ್ಬನೂ ಇಲ್ಲ. ಇಳಿಯುವವರು ಇವರೇ. ಗಂಡಸರು ಅಗೆಯುವುದು, ಹೆಂಗಸರು ಮೇಲೆ ನಿಂತು ಹಗ್ಗದಲ್ಲಿ ಮಣ್ಣು ಎಳೆಯುವುದು.

ಅನ್ನಪೂರ್ಣ ಏಳನೇ ಕ್ಲಾಸು ಮುಗಿಸಿದ್ದಳು. ಸಣ್ಣ ಶಾಲೆ ಅಲ್ಲಿಗೆ ಮುಗಿಯುತ್ತದೆ, ಎಂಟನೆಯದ್ದಕ್ಕೆ ಹೈಸ್ಕೂಲು ಸೇರಬೇಕು. ಎಷ್ಟೋ ಹುಡುಗಿಯರು ಆ ಎರಡು ಶಾಲೆಗಳ ನಡುವೆಯೇ ಕಾಣೆಯಾಗುವುದು. ಯಾರೂ ಬಿಡಿಸುವುದಿಲ್ಲ ಮಾರಾಯ್ರೆ, ಸುಮ್ಮನೆ ಸೇರಿಸುವುದಿಲ್ಲ, ಅಷ್ಟೇ. ಇವಳಿಗೂ ಜಾಗ ಗೊತ್ತಾಗಿತ್ತು. ಮಣಿಪಾಲದ ಒಂದು ಫ್ಲ್ಯಾಟಿನಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಮಗು ನೋಡಿಕೊಳ್ಳಲಿಕ್ಕೆ ಜನ ಬೇಕು, ಅಲ್ಲೇ ಊಟ, ಅಲ್ಲೇ ವಾಸ. ಮಲಕಪ್ಪನ ಮೇಸ್ತ್ರಿ ಸೋಮಲಿಂಗ, ಅವರದ್ದೇ ಊರಿನವನು, ಮಾತಾಡಿ ಮುಗಿಸಿದ್ದ. ಜೂನ್ ಒಂದಕ್ಕೆ ಬಿಡುವುದು ಅಂತ.

ಬಾಯಮ್ಮನ ಕಿವಿಗೆ ಇದು ಬಿದ್ದದ್ದೇ ಕೊಡೆ ಎತ್ತಿಕೊಂಡರು. "ನೀನೂ ಬಾ. ನಿನ್ನ ಬಾಯಿ ಜೋರುಂಟು," ಅಂದರು. ಮದುವೆ ಸೀಸನ್, ಬ್ಲೌಸುಗಳು ರಾಶಿ ಬಿದ್ದಿವೆ, ಊರ ಉಸಾಬರಿ ನನಗ್ಯಾಕೆ ಅಂತ ಗೊಣಗುತ್ತಲೇ ಹೋದೆ. 

ನನ್ನ ಬಾಯಿಯ ಅಗತ್ಯ ಬೀಳಲಿಲ್ಲ. ಮಲಕಪ್ಪ ದೊಡ್ಡ ದೇಹದ, ನಗುಮುಖದ ಮನುಷ್ಯ. ಗೋಣಿಚೀಲ ಹಾಸಿ ಕೂರಿಸಿದ. ಎಂಟನೆಯದ್ದಕ್ಕೆ ನಾನೇ ಸೇರಿಸ್ತೇನೆ, ಇರಲಿಕ್ಕೆ ಸರಕಾರದ ಹಾಸ್ಟೆಲ್ ಉಂಟು ಅಂತ ಬಾಯಮ್ಮ ಹೇಳಿದ್ದೆಲ್ಲ ಕೇಳಿ, "ಅಲ್ರಿ ಅಕ್ಕಾರ, ಹೆಣ್ಣಹುಡುಗಿ ಎಷ್ಟ್ ಓದಿದ್ರೂ ಅಷ್ಟ ಐತಿ. ಅಲ್ಲಿ ಫ್ಯಾನಿನ ತೆಳಗ ಇರ್ತಾಳ್ರಿ. ಈ ತಗಡಿನ್ಯಾಗ ಬೇಯೂದು ತಪ್ಪತೈತಿ," ಅಂದ.

ಬೇಯುವುದು ಸುಳ್ಳಲ್ಲ. ಆ ಶೆಡ್ಡಿನಲ್ಲಿ ನಮ್ಮ ಬೆನ್ನಿನ ಮೇಲೆ ಬೆವರು ಹರಿಯುತ್ತಿತ್ತು. ಅವನು ಮಗಳನ್ನು ಮಾರುವವನಲ್ಲ, ಅವಳ ಮೇಲೆ ಅವನಿಗೆ ಜೀವ. ಅದೇ ಕಷ್ಟ.

ಬಾಯಮ್ಮ ಚೀಲದಿಂದ ಒಂದು ಪುಸ್ತಕ ತೆಗೆದರು. "ಸರಿ, ವಾದ ಬೇಡ. ಇದೊಂದು ಪುಸ್ತಕ ಮಗಳಿಂದ ಓದಿಸಿ ಕೇಳಿ. ಮೇ ಕೊನೆಗೆ ಬಂದು ಕತೆ ಹೇಳಿ. ಹೇಳಿ ಆದ ಮೇಲೆ ನೀವು ಯಾವ ತೀರ್ಮಾನ ಹೇಳ್ತೀರೋ ಅದೇ. ನಾನು ಮತ್ತೆ ಈ ಬಾಗಿಲಿಗೆ ಬರುವುದಿಲ್ಲ."

"ಕತಿ ಕೇಳಾಕೇನು ಗಂಟು ಹೋಗತೈತೇನ್ರಿ?" ಅಂತ ಮಲಕಪ್ಪ ನಕ್ಕ. "ಕೇಳ್ತೀನ್ರಿ. ಬಂದು ಹೇಳ್ತೀನ್ರಿ. ಆಮ್ಯಾಲ ನನ್ನ ಮಾತು ನಾ ಹೇಳ್ತೀನ್ರಿ."

"ಈಗಲೇ ಒಂದು ಪುಟ ಓದಲಿ," ಅಂದರು ಬಾಯಮ್ಮ, ಬಿಡುವ ಜಾತಿಯಲ್ಲ.

ಒಳಗೆ ರೊಟ್ಟಿ ಬಡಿಯುತ್ತಿದ್ದ ರಾಚವ್ವ ಅಲ್ಲಿಂದಲೇ ಕೂಗಿದಳು. "ಬ್ಯಾಡ್ರಿ, ಇನ್ನಾ ಹೊತ್ತು ಮುಳುಗಿಲ್ಲ. ಹಗಲಾಗ ಕತಿ ಹೇಳಬಾರದ್ರಿ. ಹೇಳಿದ್ರ ನಮ್ಮೋರು ಹಾದಿ ತಪ್ತಾರ."

ಅವರ ಊರಿನಲ್ಲಿ ಹಾಗಂತೆ. ಹಗಲು ಕತೆ ಹೇಳಿದರೆ ಹೊರಗೆ ಹೋದವರಿಗೆ ಮನೆಯ ದಾರಿ ಸಿಗುವುದಿಲ್ಲವಂತೆ. ನನಗೆ ನಗು ಬಂತು. ಬಾಯಮ್ಮ ಕಣ್ಣು ಬಿಟ್ಟರು, ನಗು ನುಂಗಿದೆ. ದೀಪ ಹಚ್ಚುವವರೆಗೆ ಕೂತೆವು. ಆಮೇಲೆ ಹುಡುಗಿ ಓದಿದಳು. ಉಪ್ಪಿನ ಮೂಟೆ ಹೊರುವ ಒಂದು ಕತ್ತೆಯ ಕತೆ. ತಾನು ಇಷ್ಟು ವರ್ಷ ಹೊರುತ್ತಿರುವ ಈ ಉಪ್ಪು ಬರುವುದು ಎಲ್ಲಿಂದ ಅಂತ ಅದಕ್ಕೆ ಸಂಶಯ ಹತ್ತುತ್ತದೆ. ಯಾರೋ ಕಡಲು ಅನ್ನುತ್ತಾರೆ. ಕಡಲು ಅಂದರೆ ಎಂತ ಅಂತ ನೋಡಲಿಕ್ಕೆ ಅದು ಹಗ್ಗ ಕಿತ್ತುಕೊಂಡು ಹೊರಡುತ್ತದೆ.

ಅವಳು ಒಂದೊಂದು ವಾಕ್ಯ ಮುಗಿಸಿದಾಗಲೂ ಮಲಕಪ್ಪ "ಹೂಂ" ಅನ್ನುತ್ತಿದ್ದ. ಹೊಟ್ಟೆಯೊಳಗಿಂದ ಬರುವ ದಪ್ಪ ಹೂಂ. ಅವನು ಹೂಂ ಅನ್ನದೆ ಅವಳು ಮುಂದಿನ ವಾಕ್ಯಕ್ಕೆ ಹೋಗುತ್ತಿರಲಿಲ್ಲ.

"ಇದೆಂತ, ಪ್ರತಿ ಸಾಲಿಗೂ ಒಪ್ಪಿಗೆ ಕೊಡ್ತೀರಾ?" ಅಂತ ನಾನು ಚೇಷ್ಟೆ ಮಾಡಿದೆ.

"ಹೂಂ ಅನ್ನೋರು ಇಲ್ಲಂದ್ರ ಅದು ಕತಿ ಅಲ್ರಿ, ಗಾಳಿಗೆ ಮಾತಾಡಿದ್ಹಂಗ," ಅಂದ ಮಲಕಪ್ಪ. "ಹೂಂ ನಿಂತ್ರ ಕೇಳಾಂವ ಮಲಗ್ಯಾನ ಅಂತ ಅರ್ಥರಿ. ಹೇಳಾಕಿ ಪುಸ್ತಕ ಮುಚ್ಚಬೇಕು."

ಕತ್ತೆ ಅವನಿಗೆ ಬಹಳ ಹಿಡಿಸಿತು. ಆಮೇಲಿನ ದಿನಗಳಲ್ಲಿ ಅಂಗಡಿ ಮುಂದೆ ಹೋಗುವಾಗ ನಿಂತು ವರದಿ ಕೊಡುತ್ತಿದ್ದ. ಕತ್ತೆ ಸಂತೆ ದಾಟಿತು ಅಕ್ಕಾರ. ಕತ್ತೆಯನ್ನು ಯಾರೋ ಹಿಡಿದು ಕಟ್ಟಿದರು ಅಕ್ಕಾರ. ನನಗೂ ಮಿಷನ್ ನಿಲ್ಲಿಸಿ "ಮತ್ತೆಂತ ಆಯ್ತು?" ಅಂತ ಕೇಳುವ ಚಟ ಹಿಡಿಯಿತು. ಒಂದು ದಿನ ಹೇಳಿದ, "ನಾನೂ ಹಂಗ ಬಂದಾವನ್ರಿ. ಕಡಲ ನೋಡಿರಲಿಲ್ಲ. ಮೊದಲ ದಿನ ಮಲ್ಪೆಗೆ ಹೋಗಿ ಬೊಗಸಿ ತುಂಬ ನೀರು ಕುಡದ ಬಿಟ್ನಿ!" ಅವನು ನಕ್ಕ ನಗುವಿಗೆ ಲೈಬ್ರರಿಯಿಂದ ಬಾಯಮ್ಮ ಬಂದು ಬಾಗಿಲಲ್ಲಿ ನಿಂತರು. ಅವನು ಹೋದ ಮೇಲೆ ನನ್ನ ಹತ್ತಿರ, "ಸೇರಿಸ್ತಾನೆ ಹಫೀಝಾ. ಎಂಟಕ್ಕೆ ಸೇರಿಸ್ತಾನೆ ನೋಡು," ಅಂದರು. ಮುಖದಲ್ಲಿ ಸಣ್ಣ ಮಕ್ಕಳ ಹಾಗಿನ ಆಸೆ.

ಕೊನೆಯ ಅಧ್ಯಾಯ ಒಂದು ಉಳಿಯಿತು. ಕತ್ತೆಗೆ ಕಡಲು ಸಿಗುತ್ತದಾ ಇಲ್ಲವಾ ಅನ್ನುವುದು. ಮಲಕಪ್ಪ ಅದನ್ನು ಬೇಕೆಂದೇ ಉಳಿಸಿಕೊಂಡ. ಮಟ್ಟುವಿನ ಕಡೆ ಒಂದು ಬಾವಿ ಹಿಡಿದಿದ್ದೇವೆ, ಅದು ಮುಗಿಯಲಿ, ಆರಾಮಾಗಿ ಕೂತು ಕೇಳ್ತೀನಿ ಅಂದನಂತೆ. ಯಾ ಅಲ್ಲಾಹ್, ತಿನ್ನುವವರು ಒಳ್ಳೆಯ ತುಂಡನ್ನು ಕೊನೆಗೆ ಇಟ್ಟುಕೊಳ್ಳುತ್ತಾರಲ್ಲ, ಹಾಗೆ.

ಆ ಕೆಲಸ ನಡೆಯುತ್ತಿದ್ದ ಒಂದು ಮಧ್ಯಾಹ್ನ ಪಂಚಾಯತಿಗೆ ಫೋನು ಬಂತು. ಮಟ್ಟುವಿನ ಬಾವಿಯಲ್ಲಿ ಕಲ್ಲಿನ ಕಟ್ಟೋಣ ಜಾರಿದೆ, ಒಳಗೆ ಜನ ಉಂಟು ಅಂತ. ಬಾಯಮ್ಮನೂ ನಾನೂ ರಿಕ್ಷಾದಲ್ಲಿ ಓಡಿದೆವು. ಗುಳ್ಳ ಬದನೆಯ ಗದ್ದೆ ದಾಟಿ ಒಳಗೆ ಹೋದರೆ ಹಳೆಯ ಬಾವಿ. ಮೇಲೆ ಕೆಂಪು ಕಲ್ಲು ಕಟ್ಟಿದ್ದಾರೆ, ಕೆಳಗೆ ಬರೀ ಹೊಯ್ಗೆ, ಸಡಿಲ ಮರಳು. ಹೊಯ್ಗೆ ತೆಗೆದ ಹಾಗೆ ಮೇಲಿನ ಕಲ್ಲಿಗೆ ಆಧಾರ ಎಲ್ಲಿಯದ್ದು? ಒಂದು ಬದಿ ಪೂರ್ತಿ ಕೆಳಗೆ ಹೋಗಿತ್ತು. ಮಲಕಪ್ಪ ಎದೆಯವರೆಗೆ ಹೂತುಹೋಗಿದ್ದ. ತಲೆ, ಒಂದು ಕೈ ಮಾತ್ರ ಕಾಣುತ್ತಿತ್ತು. ಜೀವ ಇತ್ತು.

ಅಗ್ನಿಶಾಮಕದವರು ಬಂದಿದ್ದರು. ಪಾಪ, ಅವರು ಎಂತ ಮಾಡಿಯಾರು? ಬುಟ್ಟಿಯಲ್ಲಿ ಹೊಯ್ಗೆ ತೆಗೆದಷ್ಟೂ ಬದಿಯಿಂದ ಮತ್ತೆ ಸುರಿಯುತ್ತಿತ್ತು. ಜೆಸಿಬಿ ಹತ್ತಿರ ತಂದರೆ ಉಳಿದ ಕಲ್ಲೂ ಬೀಳುತ್ತದೆ ಅಂತ ದೂರ ನಿಲ್ಲಿಸಿದ್ದರು. ಒಬ್ಬ ಹುಡುಗ ಸೊಂಟಕ್ಕೆ ಹಗ್ಗ ಕಟ್ಟಿ ಇಳಿದು ಮಲಕಪ್ಪನ ಪಕ್ಕದಲ್ಲಿ ನೇತಾಡುತ್ತ ಕೈಯಲ್ಲೇ ಬಗೆಯುತ್ತಿದ್ದ. ಸುತ್ತ ನಿಂತವರೆಲ್ಲ ಮೊಬೈಲ್ ಎತ್ತಿ ವಿಡಿಯೋ. ಒಬ್ಬನ ಕೈಗೆ ಹೊಡೆದು ನಾನು ಫೋನು ಬೀಳಿಸಿದೆ. ಅದಕ್ಕೆ ನನಗೆ ಇವತ್ತಿಗೂ ಬೇಜಾರಿಲ್ಲ.

ರಾಚವ್ವ ಹಗ್ಗದ ತುದಿ ಹಿಡಿದೇ ನಿಂತಿದ್ದಳು. ಯಾರು ಬಿಡು ಅಂದರೂ ಬಿಡುತ್ತಿರಲಿಲ್ಲ. ರಜೆಯಾದ್ದರಿಂದ ಅನ್ನಪೂರ್ಣಳೂ ಅಮ್ಮನ ಜೊತೆ ಬಂದಿದ್ದಳು. ಗೇರು ಮರದ ಕೆಳಗೆ ಬುತ್ತಿ ಚೀಲದ ಪಕ್ಕ ಪುಸ್ತಕ ಇತ್ತು.

ಅಗ್ನಿಶಾಮಕದ ಆಫೀಸರು, "ಅವರನ್ನು ಮಾತಾಡಿಸ್ತಾ ಇರಿ. ಕಣ್ಣು ಮುಚ್ಚಲಿಕ್ಕೆ ಬಿಡಬೇಡಿ," ಅಂದರು. ಸೋಮಲಿಂಗ ಮೇಲಿನಿಂದ "ಮಲಕಪ್ಪಾ, ಏ ಮಲಕಪ್ಪಾ" ಅಂತ ಕೂಗಿದ. ಎದೆಯ ಮೇಲೆ ಅಷ್ಟು ಭಾರ ಇದ್ದವನಿಗೆ ಮಾತು ಎಲ್ಲಿಂದ ಬರಬೇಕು? ಉಸಿರು ತುಂಡು ತುಂಡಾಗಿ ಅವನು ಹೇಳಿದ್ದನ್ನು ಹಗ್ಗದ ಹುಡುಗ ಮೇಲಕ್ಕೆ ಕೂಗಿ ಹೇಳಿದ. "ಮಗಳ ಹತ್ತಿರ ಓದ್ಲಿಕ್ಕೆ ಹೇಳ್ತಿದ್ದಾರೆ! ಕತ್ತೆ ಎಲ್ಲಿಗೆ ಬಂತು ಅಂತ ಕೇಳ್ತಿದ್ದಾರೆ!"

ಅನ್ನಪೂರ್ಣ ಪುಸ್ತಕ ತಂದಳು. ಅಮ್ಮನ ಮುಖ ನೋಡಿದಳು. ನೆತ್ತಿ ಸುಡುವ ಬಿಸಿಲು. ರಾಚವ್ವನ ತುಟಿ ಅಲ್ಲಾಡಿತು. "ಹಗಲೈತಲ್ಲ…" ಅಂದಳು. ಆಮೇಲೆ ಕಣ್ಣು ಮುಚ್ಚಿ, "ಓದವಾ," ಅಂದಳು.

ಆಫೀಸರು ಹಲಗೆ ಹಾಕಿಸಿದರು. ಹುಡುಗಿ ಅದರ ಮೇಲೆ ಬಾವಿಗೆ ಮುಖ ಮಾಡಿ ಮೊಣಕಾಲೂರಿ ಕೂತಳು, ಬಾಯಮ್ಮ ಹಿಂದಿನಿಂದ ಅವಳ ಸೊಂಟ ಗಟ್ಟಿಯಾಗಿ ಹಿಡಿದುಕೊಂಡರು. ಶಾಲೆಯಲ್ಲಿ ಪ್ರಾರ್ಥನೆ ಹೇಳುವ ಹಾಗೆ ಎತ್ತರದ ಸ್ವರದಲ್ಲಿ ಓದಿದಳು. ಒಂದು ವಾಕ್ಯ. ಕೆಳಗಿನಿಂದ "ಹೂಂ" ಬಂತು. ಸಣ್ಣದು, ಆದರೆ ಅದೇ ಹೂಂ. ಮೊಬೈಲ್ ಹಿಡಿದವರು ಕೂಡ ಕೈ ಇಳಿಸಿದರು.

ಹಾಗೇ ನಡೆಯಿತು. ಅವಳ ವಾಕ್ಯ, ಅವನ ಹೂಂ, ಬುಟ್ಟಿಯಲ್ಲಿ ಹೊಯ್ಗೆ. ಕತ್ತೆಯ ಗೊರಸು ಒಡೆದಿದೆ, ಎದುರಿಗೆ ಒಂದು ಗುಡ್ಡ. ಗುಡ್ಡದ ಆಚೆಯಿಂದ ಗಾಳಿ ಬರುತ್ತಿದೆ, ಆ ಗಾಳಿ ನೆಕ್ಕಿದರೆ ಉಪ್ಪುಪ್ಪು. ಹೂಂ. ಕತ್ತೆ ಗುಡ್ಡ ಹತ್ತುತ್ತದೆ. ಹೂಂ. ಮಲಕಪ್ಪನನ್ನು ಸೊಂಟದವರೆಗೆ ಬಿಡಿಸಿದ್ದಾರೆ ಅಂತ ಯಾರೋ ಹೇಳಿದರು. ಬಾಯಮ್ಮನ ತುಟಿಯಲ್ಲಿ ಜಪ, ನನ್ನ ತುಟಿಯಲ್ಲಿ ದುಆ. ನಾಲ್ಕು ಹೆಜ್ಜೆ ಹತ್ತಿದರೆ ಗುಡ್ಡದ ತುದಿ ಅಂತ ಅವಳು ಓದಿದಳು.

ಹೂಂ ಬರಲಿಲ್ಲ.

ಅವಳು ಕಾದಳು. ನಾವೂ ಕಾದೆವು. ಹಗ್ಗದ ಹುಡುಗ ಮಲಕಪ್ಪನ ಕತ್ತಿಗೆ ಬೆರಳು ಇಟ್ಟ, ಮೂಗಿಗೆ ಕೈ ಹಿಡಿದ. ತಲೆ ಎತ್ತಿ ಆಫೀಸರನ್ನು ನೋಡಿ ಇಲ್ಲ ಅನ್ನುವ ಹಾಗೆ ತಲೆ ಆಡಿಸಿದ. ನಾನು ನೋಡಿದೆ. ಬಾಯಮ್ಮನೂ ನೋಡಿದರು. ಹಲಗೆಯ ಮೇಲಿದ್ದ ಹುಡುಗಿ ಪುಸ್ತಕದಿಂದ ಕಣ್ಣು ಎತ್ತಿರಲಿಲ್ಲ ಅಂತ ನಾವು ತಿಳಿದೆವು.

ಆಗ "ಹೂಂ" ಅಂತ ಕೇಳಿತು.

ರಾಚವ್ವ. ಹಗ್ಗ ಹಿಡಿದು ನಿಂತವಳು, ಗಂಟಲನ್ನು ದಪ್ಪ ಮಾಡಿ, ಗಂಡನ ಹಾಗೆ, "ಹೂಂ" ಅಂದಳು. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಸ್ವರ ಮಾತ್ರ ಗಟ್ಟಿ.

ಹುಡುಗಿ ಮುಂದಿನ ವಾಕ್ಯ ಓದಿದಳು. ರಾಚವ್ವ ಹೂಂ ಅಂದಳು. ಯಾರೂ ತಡೆಯಲಿಲ್ಲ. ಕತ್ತೆ ಗುಡ್ಡದ ತುದಿ ಮುಟ್ಟಿತು, ಕಡಲು ಕಂಡಿತು, ಇಳಿದು ಹೋಗಿ ಒಂದು ಗುಟುಕು ಕುಡಿದು ಥೂ ಅಂತ ಉಗುಳಿ ಹೊರಳಾಡಿ ನಕ್ಕಿತು. ಪುಸ್ತಕದ ಕೊನೆಯ ಅಕ್ಷರದವರೆಗೆ ಅವಳು ಓದಿದಳು, ಅಷ್ಟಕ್ಕೂ ರಾಚವ್ವ ಹೂಂ ಅಂದಳು. ಹೊಯ್ಗೆ ತೆಗೆಯುವವರ ಕೈಯೂ ನಿಲ್ಲಲಿಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಅವನನ್ನು ಮೇಲೆ ತಂದರು.

ಆಸ್ಪತ್ರೆಯ ಶಾಸ್ತ್ರವೆಲ್ಲ ಮುಗಿದು, ಹೆಣವನ್ನು ಅವರ ಊರಿಗೆ ಒಯ್ಯಲಿಕ್ಕೆ ಆಂಬುಲೆನ್ಸ್ ನಿಂತಿತ್ತು. ರಾಚವ್ವನಿಗೆ ಆಗ ಬುದ್ಧಿ ನೆಲೆಯಲ್ಲಿರಲಿಲ್ಲ. ಎದೆ ಎದೆ ಬಡಿದುಕೊಂಡು ಹೇಳಿದಳು, "ಹಗಲ ಕತಿ ಓದಿದ್ವಿ. ಹಾದಿ ತಪ್ಪಿಬಿಟ್ರು. ಗುಡ್ಡಾ ಹತ್ತೂದ್ರಾಗ ಹಾದಿ ತಪ್ಪಿಬಿಟ್ರು!" ಹಾಗೆ ಹೇಳಿದವಳ ಬಾಯಿ ಮುಚ್ಚಲು ನಾನು ಓಡಿದೆ. ತಡವಾಗಿತ್ತು. ಅನ್ನಪೂರ್ಣ ಅಲ್ಲೇ ನಿಂತಿದ್ದಳು. ಕಂಕುಳಲ್ಲಿ ಅವುಚಿಕೊಂಡಿದ್ದ ಪುಸ್ತಕವನ್ನು ಮೆಲ್ಲಗೆ ನೆಲದ ಮೇಲೆ ಇಟ್ಟು, ಕೈಯನ್ನು ಲಂಗಕ್ಕೆ ಒರೆಸಿಕೊಂಡು ಗಾಡಿ ಹತ್ತಿದಳು.

ಬಾಯಮ್ಮ ಆ ಪುಸ್ತಕ ಎತ್ತಿಕೊಂಡು ಬಂದರು. ಮರುದಿನದಿಂದ ಲೈಬ್ರರಿ ಬಾಗಿಲು ತೆರೆಯುತ್ತಿತ್ತು, ಆದರೆ ಒಳಗೆ ಕೆಮ್ಮು ಇಲ್ಲ, ಬೈಗುಳ ಇಲ್ಲ. ಕಿಟಕಿ ತೆಗೆಯದೆ ಕತ್ತಲೆಯಲ್ಲಿ ಕೂತಿರುತ್ತಿದ್ದರು. ಮೇ ಕೊನೆಯ ಆದಿತ್ಯವಾರ ಹತ್ತಿರ ಬಂತು. "ಈ ಸಲ ಬೇಡ. ಇನ್ನು ಯಾವ ಸಲವೂ ಬೇಡ," ಅಂದರು. "ನಾನು ಆ ಮಗುವಿನ ಕೈಗೆ ಪುಸ್ತಕ ಕೊಟ್ಟೆ ಹಫೀಝಾ. ಅಪ್ಪನನ್ನು ತಾನೇ ಕೊಂದೆ ಅಂತ ಅದು ಜೀವಮಾನ ಇಡೀ ನೆನೆಸುತ್ತದೆ."

ನನಗೆ ಪಿತ್ತ ನೆತ್ತಿಗೇರಿತು. "ಬಾವಿ ತೋಡಿಸಿದ್ದು ನೀವಾ? ಆಧಾರ ಕೊಡದೆ ಹೊಯ್ಗೆ ತೆಗೆಸಿದ್ದು ನೀವಾ? ಆ ಬಾವಿಯ ಮನೆಯವರು ಮೊನ್ನೆ ಬೇರೆ ಜನ ಇಳಿಸಿ ಕೆಲಸ ಮುಂದುವರಿಸಿದ್ದಾರೆ, ಅವರಿಗೆ ಇಲ್ಲದ ಪಾಪ ನಿಮಗೆ ಎಲ್ಲಿಂದ ಬಂತು? ಮೂವತ್ತು ಮಕ್ಕಳು ಓದಿ ಕೂತಿದ್ದಾವೆ ಬಾಯಮ್ಮ. ನನ್ನ ಅತ್ತೆ ಈ ಸಲ ನನ್ನನ್ನು ಎಂತ ಮಾಡಿದ್ದಾರೋ ನನಗೂ ಕೇಳಬೇಕು!" ಅಂತ ಕಿರುಚಿದೆ. ಕಿರುಚುತ್ತ ನಾನೇ ಅತ್ತುಬಿಟ್ಟೆ. ಅವರೂ ಅತ್ತರು. ಕಿಟಕಿ ತೆಗೆದರು.

ಆದಿತ್ಯವಾರ ಮಧ್ಯಾಹ್ನ ಚಾಪೆ ಹಾಸಿ ಎಲ್ಲರೂ ಕೂತಿದ್ದೆವು. ಯಾರ ಮುಖದಲ್ಲಿಯೂ ಹೋದ ವರ್ಷದ ಕಳೆ ಇಲ್ಲ. ಒಬ್ಬ ಅಜ್ಜ ಕತೆ ಹೇಳುತ್ತಿದ್ದಾಗ ಹೊರಗೆ ರಿಕ್ಷಾ ನಿಂತಿತು. ಇಳಿದದ್ದು ರಾಚವ್ವ, ಹಿಂದಿನಿಂದ ಅನ್ನಪೂರ್ಣ. ಊರಿನ ಬಸ್ಸಿನಿಂದ ನೇರ ಬಂದಿದ್ದರು. ಹುಡುಗಿಯ ಕೈಯಲ್ಲಿ ಬಟ್ಟೆಯ ಗಂಟು. ಸೋಮಲಿಂಗ ರಿಕ್ಷಾದಲ್ಲೇ ಕೂತು, "ಜಲ್ದಿ ಮುಗಸವಾ, ಮಣಿಪಾಲದವ್ರು ಕಾಯಾಕತ್ಯಾರ," ಅಂದ. ಇನ್ನು ಕೇಳುವುದು ಎಂತ ಉಂಟು? ಬಾಯಮ್ಮ ನನ್ನ ಕೈ ಹಿಡಿದುಕೊಂಡರು.

ಹುಡುಗಿ ಹೊಸ್ತಿಲು ದಾಟಲಿಲ್ಲ. ಪುಸ್ತಕದ ಕಪಾಟಿಗೆ ಬೆನ್ನು ಹಾಕಿ ಹೊರಗೆ ನಿಂತಳು. ರಾಚವ್ವ ಒಳಗೆ ಬಂದು ಚಾಪೆಯ ಮುಂದೆ ನಿಂತಳು.

"ಬಾಯಾರ, ನಮ್ಮನಿಯವ್ರು ಬಂದು ಕತಿ ಹೇಳ್ತೀನಿ ಅಂತ ನಿಮಗ ಮಾತು ಕೊಟ್ಟಿದ್ರು. ಅವ್ರ ಮಾತು ಬಾಕಿ ಇಡಾಕ ನನಗ ಮನಸಿಲ್ರಿ. ರೊಟ್ಟಿ ಬಡಕೋತ ನಾನೂ ಕೇಳೇನಿ."

"ಕತ್ತಲಾಗಲಿ ರಾಚವ್ವ," ಅಂದರು ಬಾಯಮ್ಮ. "ಹಗಲು ಬೇಡ. ನಿಮ್ಮಲ್ಲಿ ಹೇಳಬಾರದಲ್ಲ."

ರಾಚವ್ವ ಹೊರಗೆ ನಿಂತ ಮಗಳ ಕಡೆ ತಿರುಗಿಯೇ ಉತ್ತರ ಕೊಟ್ಟಳು. "ಹಗಲಾಗ ಹೇಳಿದ್ರ ಹಾದಿ ತಪ್ತಾರಂತ ನಾನ ಅಂದಾಕಿ. ದುಃಖದಾಗ ಅಂದೆ. ಅವ್ರು ಹಾದಿ ತಪ್ಪಲಿಲ್ರಿ, ಅವ್ರ ಮ್ಯಾಲ ಬಾವಿ ಬಿತ್ತು. ನೋಡ್ರಿ, ಈಗ ಹಗಲೈತಿ. ನಾ ಹೇಳ್ತೀನಿ."

ಹೇಳಿದಳು. ಬಿಸಿಲು ಕಿಟಕಿಯಿಂದ ಬಂದು ಅವಳ ಕಾಲಿನ ಮೇಲೆ ಬೀಳುತ್ತಿತ್ತು, ಅವಳು ನಿಂತುಕೊಂಡೇ ಹೇಳಿದಳು. ಕತ್ತೆ ಹಗ್ಗ ಕಿತ್ತದ್ದು, ಸಂತೆ ದಾಟಿದ್ದು, ಸಿಕ್ಕಿಬಿದ್ದದ್ದು, ಗೊರಸು ಒಡೆದದ್ದು. ಗಂಡ ಎಲ್ಲೆಲ್ಲಿ ನಕ್ಕಿದ್ದನೋ ಅಲ್ಲಲ್ಲಿ ನಿಲ್ಲಿಸಿ, "ಇಲ್ಲಿ ನಕ್ರು," ಅಂತ ಸೇರಿಸಿದಳು. ಗುಡ್ಡ ಬಂತು. ಉಪ್ಪು ಗಾಳಿ ಬಂತು. ನಾಲ್ಕು ಹೆಜ್ಜೆ ಹತ್ತಿದರೆ ತುದಿ ಅನ್ನುವಲ್ಲಿ ನಿಲ್ಲಿಸಿದಳು.

"ಅವ್ರು ಕೇಳಿದ್ದು ಇಷ್ಟರೀ," ಅಂದಳು. "ಮುಂದಿಂದು ಅವ್ರು ಕೇಳಿಲ್ಲ. ಮುಂದಿನ ಹೂಂ ಅವ್ರದಲ್ಲ. ಅದು ನಂದು. ಹುಡುಗಿಗೆ ಗೊತ್ತಾಗಬಾರದಂತ ನಾ ಅಂದಿದ್ದು."



"ನನಗ ಗೊತ್ತಿತ್ತು," ಅಂತ ಬಾಗಿಲಿನಿಂದ ಕೇಳಿತು.

ಅನ್ನಪೂರ್ಣ ತಲೆ ತಗ್ಗಿಸಿ ಗಂಟನ್ನು ಹಿಚುಕುತ್ತಿದ್ದಳು. "ಅಪ್ಪನ ಹೂಂ ನನಗ ಗೊತ್ತಿಲ್ಲೇನು? ನಿನ್ನ ಹೂಂ ಅಂತ ಅವಾಗ ಗೊತ್ತಾತು."

"ಗೊತ್ತಿದ್ರ ಮತ್ತ್ಯಾಕ ಓದಿದಿ ನಮ್ಮವ್ವ?"

ಹುಡುಗಿ ತಲೆ ಎತ್ತಿ ಅಮ್ಮನನ್ನು ನೋಡಿದಳು. "ನೀ ಕೇಳಾಕತ್ತಿದ್ದ್ಯಲ್ಲ," ಅಂದಳು.

ರಾಚವ್ವ ಸೆರಗಿನಲ್ಲಿ ಮುಖ ಒರೆಸಿ ಹೊರಗೆ ಹೋದಳು. ಮಗಳ ಕೈಯಿಂದ ಆ ಬಟ್ಟೆಯ ಗಂಟು ತೆಗೆದು ತನ್ನ ಕಂಕುಳಿಗೆ ಸಿಕ್ಕಿಸಿಕೊಂಡಳು. ರಿಕ್ಷಾದ ಹತ್ತಿರ ನಿಂತು ಸೋಮಲಿಂಗನಿಗೆ ಹೇಳಿದ್ದು ನಮಗೆಲ್ಲ ಕೇಳಿತು.

"ಮಣಿಪಾಲಕ್ಕ ನಾ ಬರ್ತೀನಿ. ಕೂಸಿನ ನಾ ನೋಡಿಕೊಂತೀನಿ, ಅವ್ರ ಭಾಂಡೆನೂ ನಾನ ತಿಕ್ತೀನಿ. ಇಕಿ ಬರೂದಿಲ್ಲ. ಇಕಿನ್ನ ಬಾಯಾರು ಎಂಟನೇ ಕ್ಲಾಸಿಗೆ ಹಚ್ತಾರ. ಹಾಸ್ಟೆಲ್‌ನ್ಯಾಗ ಇರ್ತಾಳ."

"ಅಲ್ಲವಾ, ಅವ್ರು ಹುಡುಗಿನ್ನ ಕೇಳ್ಯಾರ. ನಾ ಮಾತ ಕೊಟ್ಟೇನಿ…" ಅಂತ ಸೋಮಲಿಂಗ ಶುರು ಮಾಡಿದ.

"ನಮ್ಮನಿಯವ್ರೂ ಕೊಟ್ಟಿದ್ರು ಮಾತು," ಅಂದಳು ರಾಚವ್ವ. "ಕತಿ ಹೇಳಿ ಆಮ್ಯಾಲ ತಮ್ಮ ಮಾತು ಹೇಳ್ತೀನಿ ಅಂದಿದ್ರು. ಇದ ಅವ್ರ ಮಾತು."

ಹೊಸ್ತಿಲ ಹೊರಗೆ ಹುಡುಗಿ ಒಬ್ಬಳೇ ನಿಂತಿದ್ದಳು, ಈಗ ಅಪ್ಪನೂ ಇಲ್ಲ, ಅಮ್ಮನೂ ಇರುವುದಿಲ್ಲ. ಸಿಸಿಲಿಯಾ ಬಾಯಮ್ಮ ಕಪಾಟಿನಿಂದ ಆ ಪುಸ್ತಕ ತಂದು ಅವಳ ಎದುರು ಹಿಡಿದರು. ಅವಳು ತೆಗೆದುಕೊಳ್ಳಲಿಲ್ಲ. ಬಾಯಮ್ಮ ಒತ್ತಾಯಿಸಲಿಲ್ಲ, ಹಾಗೇ ಹಿಡಿದುಕೊಂಡು ನಿಂತರು. ರಿಕ್ಷಾ ಸ್ಟಾರ್ಟ್ ಆಯಿತು. ರಾಚವ್ವ ತಲೆ ಹೊರಗೆ ಹಾಕಿ ಕೂಗಿದಳು.

"ಓದವಾ. ನಾ ಹೂಂ ಅಂತೀನಿ."

ಅನ್ನಪೂರ್ಣ ಪುಸ್ತಕ ತೆಗೆದುಕೊಂಡಳು. ನಾಲ್ಕು ಹೆಜ್ಜೆ ಹತ್ತಿದರೆ ಗುಡ್ಡದ ತುದಿ ಅನ್ನುವ ಪುಟ ಹುಡುಕಿ, ರಿಕ್ಷಾದ ಸದ್ದಿಗಿಂತ ಎತ್ತರದ ಸ್ವರದಲ್ಲಿ ಓದಲಿಕ್ಕೆ ಶುರು ಮಾಡಿದಳು. ರಿಕ್ಷಾ ಹೈವೇ ಹತ್ತಿ ಮರೆಯಾಯಿತು. ಒಂದು ವಾಕ್ಯ ಮುಗಿಸಿ ಅವಳು ನಿಂತು ಕಾದಳು.

"ಹೂಂ," ಅಂದರು ಸಿಸಿಲಿಯಾ ಬಾಯಮ್ಮ.